ಮಹಾವೀರಾಚಾರ್ಯರ ಹಣದ ಚೀಲದ ಲೆಕ್ಕ

ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯ ಅಂಗಡಿಯೊಂದರಲ್ಲಿ 2 ರೂಪಾಯಿಯ ಹಾಗೂ 5 ರೂಪಾಯಿಯ ನಾಣ್ಯಗಳು ಕೂಡಿ 25 ಇವೆಯೆಂದೂ ಅವುಗಳ ಬೆಲೆ 80 ರೂಪಾಯಿಯೆಂದೂ ಭಾವಿಸೋಣ. ಎಲ್ಲವೂ 2 ರೂಪಾಯಿಯವಾಗಿದ್ದರೆ ಬೆಲೆ 50 ಆಗುತ್ತಿತ್ತು. ಹೆಚ್ಚಿನ 30 ರೂಪಾಯಿ ನಾಣ್ಯವೊಂದಕ್ಕೆ 3 ರಂತೆ ಬಂದುದರಿಂದ 5 ರೂಪಾಯಿಯವು 10, ಮಿಕ್ಕವು 15. ಅವ್ಯಕ್ತಗಳು ಎರಡು, ಒಂದರಿಂದೊಂದು ಹುಟ್ಟದ ನಿಬಂಧನೆಗಳೂ ಎರಡು. ಆದಕಾರಣ ಉತ್ತರ ಒಂದೇ. ನಿಬಂಧನೆಯೊಂದು ಕಡಮೆಯಾದರೆ ಏನಾಗುವುದೆಂಬುದಕ್ಕೆ ಕನ್ನಡ ನಾಡಿನಲ್ಲಿಯೇ ಪ್ರಾಚೀನವಾದ ಉದಾಹರಣೆಯುಂಟು.

ಈ ಸೀಮೆಯೂ ರಾಷ್ಟ್ರಕೂಟರ ಆಳ್ವಿಕೆಗೆ ಒಳಪಟ್ಟಿದ್ದ ಕಾಲದಲ್ಲಿ, ಸುಮಾರು ಕ್ರಿ. ಶ. 850 ರಲ್ಲಿ, ಜೈನ ವಿದ್ವಾಂಸರಾದ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಗ್ರಂಥಾರಂಭದಲ್ಲಿ ಅಮೋಘವರ್ಷ ನೃಪತುಂಗನ ಪ್ರಶಂಸೆಯಿದೆ. ರಂಗಾಚಾರ್ಯರು ಸಂಪಾದಿಸಿದ ಈ ಗ್ರಂಥವನ್ನು 1912 ರಲ್ಲಿ ಮದರಾಸು ಸರ್ಕಾರವು ಪ್ರಕಟಿಸಿತು. 1953 ರ ವರೆಗೆ ಕೂಡ್ಲಿಗಿ ತಾಲ್ಲೂಕೂ ಮದರಾಸಿಗೇ ಸೇರಿತ್ತು.

ಅದರಲ್ಲಿನ ಒಂದು ಲೆಕ್ಕದ ಸಾರಾಂಶ ಹೀಗಿದೆ. ಮೂವರು ವರ್ತಕರು ದಾರಿಯಲ್ಲಿ ಹಣದ ಚೀಲವೊಂದನ್ನು ಕಾಣುತ್ತಾರೆ. ಚೀಲವು ತನಗಾದರೆ ತನ್ನ ಧನವು ಉಳಿದಿಬ್ಬರ ಧನದ ಇಮ್ಮಡಿಯಾಗುವುದೆಂದು ಮೊದಲನೆಯವನೂ, ಮುಮ್ಮಡಿಯೆಂದು ಎರಡನೆಯವನೂ, ಐದು ಮಡಿಯೆಂದು ಮೂರನೆಯವನೂ ಹೇಳುತ್ತಾರೆ. ಎಲ್ಲರ ಧನವೆಷ್ಟು? ಚೀಲದಲ್ಲಿರುವುದೆಷ್ಟು?

ಚೀಲವೂ ಸೇರಿದ ಒಟ್ಟು ಧನವನ್ನು ಆಧಾರವಾಗಿಟ್ಟುಕೊಳ್ಳೋಣ. ಮೊದಲನೆಯವನ ಮಾತಿನಂತೆ ಉಳಿದಿಬ್ಬರಲ್ಲಿರುವುದು ಅದರ ಮೂರನೆಯ ಒಂದು ಭಾಗ. ಹಾಗೆಯೇ ಮಿಕ್ಕ ಎರಡು ಜೋಡಿಗಳಲ್ಲಿ ನಾಲ್ಕನೆಯ ಒಂದು ಭಾಗ ಮತ್ತು ಆರನೆಯ ಒಂದು ಭಾಗ. ಒಟ್ಟು ಧನವು 24 ಎಂದಿಟ್ಟರೆ ಜೋಡಿಗಳಲ್ಲಿರುವುದು ಕ್ರಮವಾಗಿ 8, 6, 4. ಇವುಗಳ ಮೊತ್ತ 18 ರಲ್ಲಿ ಪ್ರತಿಯೊಬ್ಬನೂ ಎರಡು ಸಾರಿ ಎಣಿಕೆಗೆ ಬಂದಿರುವುದರಿಂದ ಮೂವರ ಧನ 9. ಇದರಿಂದ ಒಂದೊಂದು ಜೋಡಿಯನ್ನೂ ಕಳೆದರೆ 1, 3, 5, ಚೀಲದಲ್ಲಿ 15.

ಇಲ್ಲಿ ವಿಚಾರಣೀಯವಾದ ಅಂಶವೆಂದರೆ, ಅವ್ಯಕ್ತಗಳು ನಾಲ್ಕಾದರೂ ನಿಬಂಧನೆಗಳು ಮೂರೇ ಎಂಬುದು. 2, 6, 10, 30 ಎಂಬ ಉತ್ತರವೂ ನಿರ್ದುಷ್ಟವೇ. ಒಟ್ಟು ಧನವನ್ನು 12 ಎಂದಿಟ್ಟರೆ ಅರ್ಧಗಳು ಬರುತ್ತವೆ. ಒಡೆಯಲಾಗದ ನಾಣ್ಯಗಳಿಗೆ ಅದು ಸಲ್ಲದು. ಆದ್ದರಿಂದ 1, 3, 5, 15 ಎಂಬುದು ಪೂರ್ಣಾಂಕಗಳಲ್ಲಿ ಅತ್ಯಲ್ಪವಾದ ಉತ್ತರವೇ ಹೊರತು ಏಕೈಕ ಉತ್ತರವಲ್ಲ. ನಿಶ್ಚಿತವಾದುದು ಅನುಪಾತ ಮಾತ್ರ.

ಇಂದು ನಾವು ಬಳಸುವ ಸಮೀಕರಣದ ಸಂಕೇತಗಳು ಆಚಾರ್ಯರಲ್ಲಿಲ್ಲ; ಅವರ ಸೂತ್ರಗಳೆಲ್ಲವೂ ಪದ್ಯರೂಪದವು. ಆದರೂ ಬಿಡಿಸುವುದಕ್ಕೆ ಮೊದಲು ಅವ್ಯಕ್ತಗಳನ್ನೂ ನಿಬಂಧನೆಗಳನ್ನೂ ಎಣಿಸಿ ನೋಡಬೇಕೆಂಬ ಪಾಠವನ್ನು ಈ ಲೆಕ್ಕದಿಂದ ನಾವು ಕಲಿಯಬಹುದು. ಇದಕ್ಕೆ 2, 6, 10, 30 ಎಂದು ಬರೆದ ವಿದ್ಯಾರ್ಥಿಯ ಉತ್ತರವನ್ನು ಅಧ್ಯಾಪಕರು ತಪ್ಪೆಂದು ಹೊಡೆದುಹಾಕುವುದು ನ್ಯಾಯವಲ್ಲ.