ಗ್ಯಾರಿಓವನ್

ರಗ್ಬಿಯಲ್ಲಿ ಚೆಂಡನ್ನು ದೂರಕ್ಕಲ್ಲ, ನೆಟ್ಟಗೆ ಮುಗಿಲಿಗೆ ಒದ್ದರೆ ಅದು ಗ್ಯಾರಿಓವನ್. ಚೆಂಡು ಕೆಳಗಿಳಿಯುವಷ್ಟರಲ್ಲಿ ಒದ್ದವನ ಕಡೆಯವರೆಲ್ಲ ಓಡಿಬಂದು ಮೇಲೆರಗುತ್ತಾರೆ. ಕತ್ತೆತ್ತಿ ಕಾಯುತ್ತಾ ನಿಂತ ಎದುರಾಳಿಯ ಪಾಡು ಯಾರಿಗೂ ಬೇಡ. ‘ಅಪ್ ಅಂಡ್ ಅಂಡರ್’ ಎನ್ನುವುದೂ ಇದನ್ನೇ.

ಐರ್ಲೆಂಡಿನ ಲಿಮರಿಕ್ ನಗರದಲ್ಲಿ 1884ರಲ್ಲಿ ಹುಟ್ಟಿದ ಗ್ಯಾರಿಓವನ್ ಕ್ಲಬ್ಬು ಈ ತಂತ್ರವನ್ನು ಅದೆಷ್ಟು ಬಳಸಿತೆಂದರೆ, ಒದೆತಕ್ಕೇ ಕ್ಲಬ್ಬಿನ ಹೆಸರು ಅಂಟಿಕೊಂಡಿತು. ಕ್ಲಬ್ಬಿಗೆ ಆ ಹೆಸರು ಬಂದದ್ದು ಅದೇ ನಗರದ ಒಂದು ಕೇರಿಯಿಂದ. ಐರಿಷ್ ಮೂಲದಲ್ಲಿ ಅದರರ್ಥ ಯೋಹಾನನ ತೋಟ. ತೋಟದ ಹೆಸರು ಕೇರಿಗೆ, ಕೇರಿಯದು ಕ್ಲಬ್ಬಿಗೆ, ಕ್ಲಬ್ಬಿನದು ಒದೆತಕ್ಕೆ! ಅಮೆರಿಕದ ಏಳನೇ ಅಶ್ವದಳದ ಪ್ರಸಿದ್ಧ ಪಥಸಂಚಲನ ಗೀತೆಗೂ ಇದೇ ಕೇರಿಯ ಹೆಸರಿದೆ, ಆದರೆ ಅದಕ್ಕೂ ರಗ್ಬಿಗೂ ನಂಟಿಲ್ಲ. ಇಂಗ್ಲಿಷ್ ನಿಘಂಟುಗಳಲ್ಲಿ ಈ ಒದೆತದ ಹೆಸರು ಈಗ ರೂಢನಾಮ.