ಅತಿವಾಹಕತೆಯೂ ಅದರ ದಾಯಾದಿಯೂ

ಪಾದರಸವನ್ನು ಹೆಪ್ಪುಗಟ್ಟಿಸಿ ಇನ್ನೂ ತಣಿಸುತ್ತ ಹೋದರೆ 4.2 ಕೆಲ್ವಿನ್ ಉಷ್ಣತೆಯ ಬಳಿ ಅದರ ವಿದ್ಯುನ್ನಿರೋಧವು ಹಠಾತ್ತನೆ ಇಲ್ಲವಾಗುವುದೆಂದು 1911ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ, ಕಾಮರ್ಲಿಂಗ್ ಓನ್ನೆಸ್ಸರ ಪ್ರಯೋಗಶಾಲೆಯಲ್ಲಿ ಗೊತ್ತಾಯಿತು. ಇದು ಎಲ್ಲರೂ ಹೇಳುವ ಕಥೆ. ಈ ಹೊತ್ತು ಶ್ರೋತೃಗಳ ಮುಂದಿಡಬೇಕೆಂದಿರುವುದು ಅದರ ಮಗ್ಗುಲಲ್ಲಿಯೇ ನಡೆದು ಬಂದ, ಅಷ್ಟಾಗಿ ಕೇಳಿಬಾರದ ಇನ್ನೊಂದು ಕಥೆ. ಒಂದೇ ಮನೆಯಲ್ಲಿ ಹುಟ್ಟಿ ಒಂದೇ ಆಸ್ತಿಗೆ ಹೋರಾಡುವ ದಾಯಾದಿಯ ಕಥೆ.

ಲೋಹದೊಳಗಣ ಪರಮಾಣುಗಳು ಜಾಲದಂತೆ ಸಾಲುಗಟ್ಟಿ ನಿಂತು ಸದಾ ಕಂಪಿಸುತ್ತಿರುವುವು. ಋಣವಿದ್ಯುತ್ತುಳ್ಳ ಎಲೆಕ್ಟ್ರಾನೊಂದು ಅವುಗಳ ನಡುವೆ ಹಾಯುವಾಗ ಅವು ತುಸು ಅದರತ್ತ ಸರಿಯುವುವು. ಹಿಂದಿರುಗುವ ಮೊದಲೇ ಮತ್ತೊಂದು ಎಲೆಕ್ಟ್ರಾನು ಆ ಸೆಳೆತಕ್ಕೆ ಸಿಕ್ಕುವುದು. ಅತಿವಾಹಕತೆಯ ಮೂಲವು ಈ ಕಂಪನದಲ್ಲಿಯೇ ಇರುವುದೆಂದು 1950ರಲ್ಲಿ ಫ್ರೋಲಿಶ್ ಎಂಬ ಪಂಡಿತರು ಪ್ರತಿಪಾದಿಸಿದರು. ಅದೇ ವರ್ಷ ಅಮೆರಿಕದ ಎರಡು ತಂಡಗಳು, ಭಾರವಾದ ಪಾದರಸದ ಐಸೋಟೋಪು ಹೆಚ್ಚಿನ ಚಳಿಯಲ್ಲಿ ಮಾತ್ರ ಅತಿವಾಹಕವಾಗುವುದೆಂದು ಬೇರೆ ಬೇರೆಯಾಗಿಯೇ ಕಂಡುವು. 1957ರಲ್ಲಿ ಬಾರ್ಡೀನ್, ಕೂಪರ್, ಶ್ರೀಫರ್ ಈ ಮೂವರೂ ಸಿದ್ಧಾಂತವನ್ನು ಪೂರ್ಣಗೊಳಿಸಿದರು.

ಆದರೆ ಇದೇ ಸೆಳೆತಕ್ಕೆ ಬೇರೊಂದು ಪರಿಣಾಮವೂ ಉಂಟು. ಒಂದೇ ಎಳೆಯಾಗಿ ನಿಂತ ಪರಮಾಣುಗಳ ಸರವು ಚಳಿಯಲ್ಲಿ ಲೋಹವಾಗಿ ಉಳಿಯಲಾರದೆಂದು ಪೈಯರ್ಲ್ಸರು 1955ರಲ್ಲಿ ಅಚ್ಚಾದ ತಮ್ಮ ಗ್ರಂಥದಲ್ಲಿ ತೋರಿಸಿದರು. ಪರಮಾಣುಗಳು ತಾವಾಗಿಯೇ ಸ್ಥಾನ ಬದಲಿಸುವುವು. ಎಲೆಕ್ಟ್ರಾನುಗಳು ಒಂದೆಡೆ ದಟ್ಟವಾಗಿಯೂ ಒಂದೆಡೆ ವಿರಳವಾಗಿಯೂ ಅಲೆಯಂತೆ ನೆಲೆಗೊಳ್ಳುವುವು. ಪ್ರವಾಹಕ್ಕೆ ದಾರಿ ಕಟ್ಟುವುದು. ಇದನ್ನು ಆವೇಶದ ಅಲೆ ಎನ್ನೋಣ. ಸ್ವಾರಸ್ಯವೇನೆಂದರೆ, 1954ರಲ್ಲಿ ಫ್ರೋಲಿಶ್ಶರೇ ಇಂತಹ ಅಲೆಯನ್ನು ಗಣಿಸಿ, ಅದು ಇಡಿಯಾಗಿ ಜಾರಿದರೆ ನಿರೋಧವಿಲ್ಲದ ಪ್ರವಾಹವಾದೀತೆಂದು ಎಣಿಸಿದ್ದರು. ಸೆಳೆತ ಬಲಿತಷ್ಟೂ ಅತಿವಾಹಕತೆ ಬಲಿಯುವುದೆಂದು ಆಶಿಸುವುದು ಸಹಜ. ಆದರೆ ದಾಯಾದಿಯೂ ಅದೇ ಹಾಲು ಕುಡಿದು ಬೆಳೆಯುವನು.

ಇದರ ಬಿಸಿ ತಟ್ಟಿದ್ದು 1973ರಲ್ಲಿ. ಕೋಣೆಯ ಉಷ್ಣತೆಯಲ್ಲಿಯೂ ಅತಿವಾಹಕವಾಗಬಲ್ಲ ಇಂಗಾಲದ ಸರಗಳು ಸಾಧ್ಯವೆಂದು ಲಿಟ್ಲ್ ಎಂಬವರು 1964ರಲ್ಲಿಯೇ ಸೂಚಿಸಿದ್ದರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಹೀಗರ್ ಮತ್ತು ಗರಿಟೋ ಅವರ ತಂಡವು ಟಿ.ಟಿ.ಎಫ್.-ಟಿ.ಸಿ.ಎನ್.ಕ್ಯು. ಎಂಬ ಸಾವಯವ ಹರಳನ್ನು ತಣಿಸಿದಾಗ, ಸುಮಾರು 60 ಕೆಲ್ವಿನ್ನಿನಲ್ಲಿ ಕೆಲವು ಹರಳುಗಳ ವಾಹಕತೆ ಬೆರಗಾಗುವಷ್ಟು ಏರಿತು. ಅತಿವಾಹಕತೆಯ ಮುಂಗುರುತೇ ಇದು ಎಂಬ ಆಸೆ ಹಬ್ಬಿತು. ಇತರರ ಕೈಯಲ್ಲಿ ಅಷ್ಟು ಏರಿಕೆ ಕಾಣಲಿಲ್ಲ. ಅಳತೆಯ ತಂತಿಗಳ ಜೋಡಣೆಯ ಮೇಲೆ ವಾದ ಎದ್ದಿತು. ಇನ್ನೂ ತಣಿಸಿದರೆ ಹರಳು ಅವಾಹಕವಾಗುತ್ತಿತ್ತು. 1975ರ ಎಕ್ಸ್-ಕಿರಣ ಪರೀಕ್ಷೆಗಳು ತೋರಿಸಿದ್ದು ಪೈಯರ್ಲ್ಸರ ಅಲೆಯನ್ನು. 54 ಕೆಲ್ವಿನ್ನಿನಲ್ಲಿ ಅದು ಗೆದ್ದಿತ್ತು. ಆ ಆಸೆ ಸುಳ್ಳಾಯಿತಾದರೂ ಆ ಹುಡುಕಾಟವು ವ್ಯರ್ಥವೆಂದು ನಾನು ಒಪ್ಪೆನು. ಹೀಗರರಿಗೆ 2000ದಲ್ಲಿ ವಾಹಕ ಪಾಲಿಮರುಗಳಿಗಾಗಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು.

ದಾಯಾದಿಗಳು ಯಾವಾಗಲೂ ಹೊಡೆದಾಡಿಯೇ ಬಾಳುವುದಿಲ್ಲ. ನಯೋಬಿಯಂ ಡೈಸೆಲಿನೈಡಿನಲ್ಲಿ 33 ಕೆಲ್ವಿನ್ನಿನ ಬಳಿ ಅಲೆಯು ನೆಲೆಗೊಂಡರೂ 7.2 ಕೆಲ್ವಿನ್ನಿನಲ್ಲಿ ಅತಿವಾಹಕತೆಯೂ ಬಂದು ಸೇರುವುದು. ಟೈಟೇನಿಯಂ ಡೈಸೆಲಿನೈಡಿನಲ್ಲಿ ಹಾಗಲ್ಲ; ಸುಮಾರು 200 ಕೆಲ್ವಿನ್ನಿನಿಂದಲೇ ಮನೆಯೆಲ್ಲ ಅಲೆಯದು. 2006ರಲ್ಲಿ ಪ್ರಿನ್ಸ್‌ಟನ್ನಿನವರು ಅದರ ಪದರಗಳ ನಡುವೆ ಸ್ವಲ್ಪ ತಾಮ್ರವನ್ನು ಸೇರಿಸಿದರು. ತಾಮ್ರ ಹೆಚ್ಚಿದಂತೆ ಅಲೆ ಕುಗ್ಗಿತು. ಅಲ್ಲಿಯವರೆಗೆ ಸುಳಿವೇ ಇಲ್ಲದಿದ್ದ ಅತಿವಾಹಕತೆಯು ತಲೆಯೆತ್ತಿ 4.15 ಕೆಲ್ವಿನ್ನಿನವರೆಗೆ ಏರಿತು.