ಜರ್ಮನರ ಶ್ರಮಾಕೀರ್ತನೆಗಳಲ್ಲಿ ಶೋಕವೂ ಪಾಪಪ್ರಜ್ಞೆಯೂ

ಕ್ರಿಸ್ತನು ಶಿಲುಬೆಯ ಮೇಲೆ ಅನುಭವಿಸಿದ ಶ್ರಮೆಯನ್ನು ನೆನೆದು ಅಳುವುದು ಯೂರೋಪಿನಲ್ಲಿ ಬಹುಕಾಲದಿಂದ ನಡೆದುಬಂದ ಆಚಾರ. ಅಳುವವನ ಕೋಪವು ಯಾರ ಮೇಲೆ ತಿರುಗಬೇಕೆಂಬುದನ್ನು ಮಾರ್ಟಿನ್ ಲೂಥರನು 1519ರಲ್ಲಿ ಪ್ರಕಟಿಸಿದ ಒಂದು ಧರ್ಮೋಪದೇಶದಲ್ಲಿ ವಿಚಾರಿಸಿದನು. ಶ್ರಮೆಯ ಕಥೆಯನ್ನು ಕೇಳಿ ಯೂದನನ್ನೂ ಯೆಹೂದ್ಯರನ್ನೂ ನಿಂದಿಸುವವರು ಕೆಲವರು; ಕ್ರಿಸ್ತನಿಗಾಗಿ ಮರುಗಿ ಕಣ್ಣೀರಿಡುವವರು ಕೆಲವರು; ಇಬ್ಬರದೂ ನಿಜವಾದ ಧ್ಯಾನವಲ್ಲವೆಂದು ಅವನ ಮತ. ಆ ಗಾಯಗಳಿಗೆ ತನ್ನ ಪಾಪವೇ ಕಾರಣವೆಂದರಿತು ಕೇಳುವವನು ಮೊದಲು ನಡುಗಬೇಕು. ಬಳಿಕ ಆ ಭಾರವನ್ನು ಕ್ರಿಸ್ತನ ಮೇಲೆಯೇ ಇಳಿಸಿ, ಅವನ ಪುನರುತ್ಥಾನದಲ್ಲಿ ಅದು ಅಳಿಯಿತೆಂದು ನಂಬಬೇಕು. ಹೀಗೆ ಬರೆದ ಲೂಥರನೇ 1543ರಲ್ಲಿ ಯೆಹೂದ್ಯರ ಮೇಲೆ ಅತಿಕ್ರೂರವಾದ ಗ್ರಂಥವೊಂದನ್ನು ಹೊರಡಿಸಿದನೆಂಬುದನ್ನು ಚರಿತ್ರಕಾರರು ಮರೆಯುವಂತಿಲ್ಲ.

ಉಪದೇಶದ ಈ ತಿರುಳು ಹಾಡಿನಲ್ಲಿ ಪೂರ್ಣಕಂಠವನ್ನು ಪಡೆದದ್ದು ಹದಿನೇಳನೆಯ ಶತಮಾನದಲ್ಲಿ. ಸೈಲೀಷಿಯದ ಕ್ಯೋಬೆನ್ ಎಂಬ ಸಣ್ಣ ಊರಿನ ಪಾದ್ರಿ ಯೋಹಾನ್ ಹೇರ್ಮಾನನು (1585–1647) 1630ರಲ್ಲಿ ಪ್ರಕಟಿಸಿದ ಸಂಗ್ರಹದಲ್ಲಿ, ಸಂತ ಅಗಸ್ಟೀನನ ಹೆಸರಿನಲ್ಲಿ ಪ್ರಚಾರದಲ್ಲಿದ್ದ ಲ್ಯಾಟಿನ್ ಧ್ಯಾನವೊಂದನ್ನು ಆಧರಿಸಿದ ಕೀರ್ತನೆಯೊಂದಿದೆ. ನಿರಪರಾಧಿಗೆ ಈ ತೀರ್ಪೇಕೆ ಎಂದು ಮೊದಲು ಕೇಳಿ, ಅಪರಾಧಿ ತಾನೇ ಎಂದು ಹಾಡುವವನು ಒಪ್ಪಿಕೊಳ್ಳುತ್ತಾನೆ. ಆಗ ಮೂವತ್ತು ವರ್ಷಗಳ ಯುದ್ಧ (1618–1648) ನಡೆಯುತ್ತಿತ್ತು. ಕವಿಯಾದರೋ ಗಂಟಲಿನ ವ್ಯಾಧಿಯಿಂದ ಪೀಡಿತನಾಗಿ ಕೊನೆಗೆ ಉಪದೇಶಮಾಡುವುದನ್ನೇ ನಿಲ್ಲಿಸಬೇಕಾಯಿತು. ದೂರುವುದಕ್ಕೆ ಹೊರಗೆ ಶತ್ರುಗಳಿಗೆ ಬರವಿಲ್ಲದ ಆ ಕಾಲದಲ್ಲಿ ಕೀರ್ತನೆಯು ದೂರನ್ನು ಒಳಕ್ಕೆ ತಿರುಗಿಸಿದುದು ಸಾಮಾನ್ಯವಲ್ಲ.

ನಮ್ಮ ಆಲಂಕಾರಿಕರು ಶೋಕವನ್ನು ಕರುಣರಸದ ಸ್ಥಾಯಿಯೆಂದರಷ್ಟೆ. ಅಲ್ಲಿ ಶೋಕಿಸುವವನು ಅಗಲಿದವನ ಬಂಧು. ಇಲ್ಲಿ ಶೋಕಿಸುವವನು ಬಂಧುವೂ ಹೌದು, ಕೊಲೆಗೆ ಕಾರಣನೂ ಹೌದು. ಆದುದರಿಂದ ಇದನ್ನು ಕರುಣವೆಂದಷ್ಟೇ ಕರೆದರೆ ಸಾಲದು. ಭಯವೂ ಕೃತಜ್ಞತೆಯೂ ಇದರಲ್ಲಿ ಬೆರೆತಿವೆ.

ಪೌಲ್ ಗೆರ್‌ಹಾರ್ಟನು (1607–1676) ಇದೇ ಮಾರ್ಗದ ಕವಿ. 1647ರಲ್ಲಿ ಅಚ್ಚಾದ ಅವನ ಶ್ರಮಾಕೀರ್ತನೆಯೊಂದರಲ್ಲಿ, ಲೋಕವು ಶಿಲುಬೆಯನ್ನು ನೋಡಲಿ ಎಂದು ಆರಂಭವಾದ ಮಾತು ನಾಲ್ಕಾರು ಪದ್ಯಗಳೊಳಗೆ ಹಾಡುವವನೊಬ್ಬನ ಮೇಲೆಯೇ ಬಂದು ನಿಲ್ಲುತ್ತದೆ. ಎಂಬತ್ತು ವರ್ಷಗಳ ತರುವಾಯ ಯೋಹಾನ್ ಸೆಬಾಸ್ಟಿಯನ್ ಬಾಖನು, 1727ರ ಶುಭ ಶುಕ್ರವಾರದಂದು ಲೈಪ್‌ಜಿಗ್ ನಗರದಲ್ಲಿ ಮೊದಲು ಹಾಡಿಸಿದನೆಂದು ವಿದ್ವಾಂಸರು ಒಪ್ಪುವ ಮತ್ತಾಯನ ಶ್ರಮಾಸಂಗೀತದಲ್ಲಿ, ಈ ಕೀರ್ತನೆಯ ಪದ್ಯವೊಂದಕ್ಕೆ ಕೊಟ್ಟ ಸ್ಥಾನವನ್ನು ನೋಡಬೇಕು. ನಿಮ್ಮಲ್ಲೊಬ್ಬನು ನನ್ನನ್ನು ಹಿಡಿದುಕೊಡುವನೆಂದು ಭೋಜನದ ಸಮಯದಲ್ಲಿ ಯೇಸು ನುಡಿಯುತ್ತಾನೆ. ಅದು ತಾನೋ ಎಂದು ಶಿಷ್ಯರು ದಿಗಿಲಿನಿಂದ ಕೇಳುವಾಗ ಒಡೆಯನೆಂಬ ಸಂಬೋಧನೆ ಮೇಳದಲ್ಲಿ ಹನ್ನೊಂದು ಸಲ ಬರುತ್ತದೆ. ಕ್ರಿಸ್ತನು ಉತ್ತರ ಕೊಡುವುದಕ್ಕೆ ಮುಂಚೆಯೇ ಕಥೆಯನ್ನು ತಡೆದು ಗೆರ್‌ಹಾರ್ಟನ ಪದ್ಯ ಎದ್ದು, ಆ ದ್ರೋಹಿ ತಾನೇ, ದಂಡನೆಗೆ ತಕ್ಕವನೂ ತಾನೇ ಎಂದು ಒಪ್ಪಿಕೊಳ್ಳುತ್ತದೆ. ಹನ್ನೆರಡನೆಯವನಾದ ಯೂದನು ಬಾಯಿ ತೆರೆಯುವುದು ಅದರ ನಂತರ.